ನಮ್ಮ ಹೊಲದ ಮೇಲೆ ಕಾಕಾನ ದೋಣಿ

ಹೋದ ತಿಂಗಳು ಬಾಗಲಕೋಟೆಯ ನವನಗರದಲ್ಲಿ, ಅಂದರೆ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಮನೆ ಕಳೆದುಕೊಂಡವರಿಗೆ ಕಟ್ಟಿದ ಊರಿನಲ್ಲಿ, ಕಾಲೇಜೊಂದರ ಕಾರ್ಯಕ್ರಮಕ್ಕೆ ಹೋಗಿದ್ದೆ. ತಂಗಿಯ ಮಗನಿಗೆ ಯಾವುದೋ ಬಹುಮಾನ ಇತ್ತು, ಮಾಮಾ ಬರಲೇಬೇಕು ಅಂತ ಹಟ ಹಿಡಿದಿದ್ದ. ಬಹುಮಾನಕ್ಕೂ ಮೊದಲು ಭಾಷಣ. ಕೋಟು ಹಾಕಿಕೊಂಡು ಬಂದಿದ್ದ ಭಾಷಣಕಾರರು ಏರ್ ಡೆಕ್ಕನ್ ವಿಮಾನ ಕಂಪನಿ ಕಟ್ಟಿದ ಕ್ಯಾಪ್ಟನ್ ಗೋಪಿನಾಥ್ ಅವರ ಕಥೆ ಎತ್ತಿಕೊಂಡರು. ಗೊರೂರಿನ ಹುಡುಗ, ಹೇಮಾವತಿ ಅಣೆಕಟ್ಟಿಗೆ ಹೊಲ ಕಳೆದುಕೊಂಡ ಮನೆತನ, ಬದಲಿಗೆ ಸಿಕ್ಕ ಬರಡು ನೆಲ, ಅಲ್ಲಿಂದ ಆಕಾಶ. ಕೊನೆಗೆ ಸಭೆಯತ್ತ ಬೆರಳು ಮಾಡಿ, "ನಿಮ್ಮ ಮನೆಗಳೂ ಮುಳುಗಿದವು, ಅವರ ಮನೆಯೂ ಮುಳುಗಿತು. ಅವರು ವಿಮಾನ ಹಾರಿಸಿದರು. ನೀವು ಇನ್ನೂ ಪರಿಹಾರದ ಅರ್ಜಿ ಹಿಡಿದುಕೊಂಡು ನಿಂತಿದ್ದೀರಿ" ಅಂದರು. ಹುಡುಗರು ಚಪ್ಪಾಳೆ ಹೊಡೆದರು. ನನ್ನ ಪಕ್ಕದಲ್ಲಿ ಕೂತಿದ್ದ, ಟೋಪಿ ಹಾಕಿಕೊಂಡಿದ್ದ ಮುದುಕರೊಬ್ಬರು ಚಪ್ಪಾಳೆ ಹೊಡೆಯಲಿಲ್ಲ. ನಾನು ಹೊಡೆದೆನೋ ಇಲ್ಲವೋ ಈಗ ನೆನಪಾಗುತ್ತಿಲ್ಲ. ಹೊಡೆದಿರಬೇಕು. ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವನಿಗೆ ಎದುರಿಗಿನವರು ನಿಂತಾಗ ನಿಲ್ಲುವುದು, ಚಪ್ಪಾಳೆ ಹೊಡೆದಾಗ ಹೊಡೆಯುವುದು ಮೈಗೂಡಿರುತ್ತದೆ.

ಅಂದಿನಿಂದ ಆ ಮಾತು ಹಲ್ಲಿನ ಸಂದಿಗೆ ಸಿಕ್ಕ ಅಡಿಕೆ ಚೂರಿನ ಹಾಗೆ ಕಾಡುತ್ತಿದೆ. ಗೋಪಿನಾಥ್ ಅವರ ಮೇಲೆ ನನಗೆ ಸಿಟ್ಟಿಲ್ಲ, ಅಭಿಮಾನವೇ ಇದೆ. ಅವರನ್ನು ಕೋಲು ಮಾಡಿಕೊಂಡು ನಮ್ಮ ಹುಡುಗರಿಗೆ ಬೀಸಿದರಲ್ಲ, ಅದು ಸರಿಬೀಳಲಿಲ್ಲ. ಸರಿಬೀಳದ್ದಕ್ಕೆ ಇನ್ನೊಂದು ಕಾರಣವೂ ಇದೆ. ಅದನ್ನು ಹೇಳಲು ಸ್ವಲ್ಪ ಸುತ್ತು ಹಾಕಬೇಕು.

ಬಿಜಾಪುರದ ಗೋಡೆಯಾಚೆ

ನಿವೃತ್ತಿಯಾದ ಮೇಲೆ ನಾನು ವಿಜಯಪುರದಲ್ಲಿದ್ದೇನೆ. ಬೆಳಗಿನ ವಾಕಿಂಗ್ ಸೈನಿಕ ಶಾಲೆಯ ಕಂಪೌಂಡ್ ಹಿಡಿದೇ ಹೋಗುತ್ತದೆ. 1963ರಲ್ಲಿ ಶುರುವಾದ ಶಾಲೆ. ಅದರ ಮೊದಮೊದಲ ಹುಡುಗರಲ್ಲಿ ಗೋಪಿನಾಥ್ ಒಬ್ಬರು ಅಂತ ಇಲ್ಲಿಯ ಎಷ್ಟೋ ಜನಕ್ಕೆ ಗೊತ್ತಿಲ್ಲ, ಹೇಳಿದರೆ "ಹೌದ್ರೀ?" ಅಂತಾರೆ. ಮೇಲುಕೋಟೆಯಲ್ಲಿ ಹುಟ್ಟಿ, ಗೊರೂರಿನಲ್ಲಿ ಹೇಮಾವತಿ ದಂಡೆಯ ಮೇಲೆ ಬೆಳೆದು, ಕನ್ನಡ ಶಾಲೆಯಲ್ಲಿ ಓದಿದ ಹುಡುಗ ಹತ್ತು ಹನ್ನೊಂದರ ವಯಸ್ಸಿಗೆ ಈ ಬಿಸಿಲೂರಿಗೆ ಬಂದಿಳಿದದ್ದು. ಮಲೆನಾಡಿನ ಸೆರಗಿನಿಂದ ಬಂದವರಿಗೆ ನಮ್ಮ ಏಪ್ರಿಲ್ ಹೇಗೆ ಕಂಡಿತೋ. ಬೆಳಿಗ್ಗೆ ಐದೂವರೆಗೆ ಗೋಡೆಯಾಚೆ ಸೀಟಿ ಊದುವುದು, ಬೂಟುಗಳು ಒಟ್ಟಿಗೆ ನೆಲಕ್ಕೆ ಬೀಳುವುದು ಈಗಲೂ ಕೇಳಿಸುತ್ತದೆ. ಭಾಷಣಕಾರರು ಇದನ್ನು ಬಿಟ್ಟುಬಿಟ್ಟರು. ಹೊಲ ಹೋಗುವ ಮೊದಲೇ ಆ ಹುಡುಗನ ಕೈಗೆ ಒಂದು ಶಾಲೆ, ಆಮೇಲೆ ಸೇನಾ ತರಬೇತಿಯ ಎನ್‌ಡಿಎ, ಡೆಹ್ರಾಡೂನಿನ ಸೇನಾ ಅಕಾಡೆಮಿ, ಎಂಟು ವರ್ಷದ ಸೇನೆ, 1971ರ ಯುದ್ಧ ಎಲ್ಲ ಬಂದಿದ್ದವು. 28ನೇ ವಯಸ್ಸಿಗೆ ಸೇನೆ ಬಿಟ್ಟು ಊರಿಗೆ ಬಂದಾಗ ಅವರ ಹತ್ತಿರ ದುಡ್ಡಿರಲಿಲ್ಲ ನಿಜ. ಬರಿಗೈ ಅಂತೂ ಅಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಎಲ್ಲ ಕಡೆ ಇದೆ. ಕ್ಯಾಪ್ಟನ್ ಅಂದಕೂಡಲೇ ಪೈಲಟ್ ಅಂದುಕೊಳ್ಳುತ್ತಾರೆ. ಗೋಪಿನಾಥ್ ಅವರದ್ದು ಭೂಸೇನೆಯ ಹುದ್ದೆ, ಅವರು ಪೈಲಟ್ ಅಲ್ಲ. ಹೆಲಿಕಾಪ್ಟರ್ ಕಂಪನಿ ಕಟ್ಟಿದಾಗ ಜೊತೆಗಿದ್ದ ಕ್ಯಾಪ್ಟನ್ ಸ್ಯಾಮ್, ಅಂದರೆ ಕೆ.ಜೆ. ಸ್ಯಾಮ್ಯುಯಲ್, ಸೇನೆಯಲ್ಲಿ ಹೆಲಿಕಾಪ್ಟರ್ ಹಾರಿಸಿದವರು. ನನಗೆ ಇದು ತಮಾಷೆಯಾಗಿಯೂ, ಒಂಥರಾ ಸಮಾಧಾನವಾಗಿಯೂ ಕಾಣುತ್ತದೆ.

ಅವರ ಬದುಕಿನಲ್ಲಿ ನನಗೆ ಹಿಡಿಸುವ ಭಾಗ ವಿಮಾನದ್ದಲ್ಲ, ಅದಕ್ಕೂ ಮೊದಲಿನ ಹದಿನೆಂಟು ವರ್ಷದ್ದು. ಜಾವಗಲ್ ಹತ್ತಿರ ಮುಳುಗಡೆಯ ಬದಲಿಗೆ ಸಿಕ್ಕ ಒಣ ನೆಲದಲ್ಲಿ ಟೆಂಟ್ ಹೊಡೆದುಕೊಂಡು ಇದ್ದದ್ದು. ತೆಂಗು ಹಾಕಿದರು, ಹಸು ಕಟ್ಟಿದರು, ಕೋಳಿ ಸಾಕಿದರು, ರೇಷ್ಮೆಗೆ ಇಳಿದರು. ಹಾಸನದಲ್ಲಿ ಎನ್‌ಫೀಲ್ಡ್ ಬೈಕ್ ಡೀಲರ್ ಆದರು, ಹೋಟೆಲ್ ಇಟ್ಟರು, ನೀರಾವರಿ ಸಾಮಾನು ಮಾರಿದರು. ರಾಸಾಯನಿಕ ಬಿಟ್ಟು ರೇಷ್ಮೆ ಬೆಳೆದದ್ದಕ್ಕೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ಅದರ ಮರುವರ್ಷ, 1997ರಲ್ಲಿ, ಡೆಕ್ಕನ್ ಏವಿಯೇಷನ್ ಹೆಲಿಕಾಪ್ಟರ್ ಹಾರಾಟ ಶುರುವಾಯಿತು. ಈ ಪಟ್ಟಿಯನ್ನು ನಮ್ಮೂರಿನ ಕಟ್ಟೆಯ ಮೇಲೆ ಕೂತು ಓದಿದರೆ ಏನಂತಾರೆ ಗೊತ್ತೇ? "ಒಂದರಾಗೂ ನಿಲ್ಲವಲ್ಲ, ತಿರಬೋಕಿ ಅದಾನ." ಹಾಗಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ, ಬೇರೆಯವರ ಬಗ್ಗೆ. ನಮ್ಮ ಕಾಕಾನ ಬಗ್ಗೆ.

ನೀರು ಬಂದ ಕಾಲ

ಆಲಮಟ್ಟಿಯ ವಿಷಯ ನಮ್ಮ ಕಡೆಯವರಿಗೆ ಹೊಸದಾಗಿ ಹೇಳಬೇಕಿಲ್ಲ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು, ನೀರು ನಮ್ಮ ಬಾಗಿಲಿಗೆ ಬರಲು ಮೂವತ್ತು ವರ್ಷ ಹಿಡಿಯಿತು. ಆ ಮೂವತ್ತು ವರ್ಷ ಯಾರೂ ಮನೆಗೆ ಸುಣ್ಣ ಹೊಡೆಸಲಿಲ್ಲ, ಮಾಳಿಗೆ ಸೋರಿದರೂ ಮೇಲ್ಮುದ್ದೆ ಹಾಕಿಸಲಿಲ್ಲ. "ಹೆಂಗೂ ಮುಳಗೂದ ಐತಿ." ಕನ್ಯೆ ಕೊಡುವವರು ಕೂಡ ಮೊದಲು ಕೇಳುತ್ತಿದ್ದದ್ದು ಅದನ್ನೇ, ಊರು ಮುಳುಗಡೆಯೋ ಅಲ್ಲವೋ ಅಂತ.

ಕೊನೆಗೆ ಬಿಡುವ ದಿನ ಅಪ್ಪ ಗೋಡೆಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ಕಿತ್ತುಕೊಂಡು ಬಂದ. ಬಾಗಿಲು, ಚೌಕಟ್ಟು, ಪಡಸಾಲೆಯ ನಾಲ್ಕು ಸಾಗವಾನಿ ಕಂಬ, ತೊಲೆ, ಜಂತಿ. ಹೊಸ್ತಿಲು ಎಬ್ಬಿಸುವಾಗ ಅವ್ವ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಕಿತ್ತ ಜಾಗಕ್ಕೆ ಒಂದು ತಂಬಿಗೆ ನೀರು ಸುರಿದಳು. ಇನ್ನು ಕೆಲವೇ ದಿನಕ್ಕೆ ಅಲ್ಲಿ ನಲವತ್ತು ಅಡಿ ನೀರು ನಿಲ್ಲುವುದಿತ್ತು. ಕಂಬಗಳು ನವನಗರದ ಸೆಕ್ಟರ್ ಮನೆಗೆ ಹೊಂದಲಿಲ್ಲ, ಉದ್ದ ಜಾಸ್ತಿ. ಅಪ್ಪ ಅವನ್ನು ಕೊಯ್ಯಿಸಲೂ ಇಲ್ಲ, ಮಾರಲೂ ಇಲ್ಲ. ಹಿತ್ತಲಲ್ಲಿ ತಗಡಿನ ಕೆಳಗೆ ಇಟ್ಟ. ಇವತ್ತಿಗೂ ಅಲ್ಲೇ ಇವೆ, ಎರಡಕ್ಕೆ ಗೆದ್ದಲು ಹತ್ತಿದೆ.

ಪರಿಹಾರ ನಗದಾಗಿ ಬಂತು. ಅಪ್ಪ ತನ್ನ ಪಾಲನ್ನು ಡಿಪಾಜಿಟ್ ಇಟ್ಟ, ತಂಗಿಯ ಮದುವೆ ಮಾಡಿದ, ಮನೆ ಕಟ್ಟಿಸಿದ, ಮುಗಿಯಿತು. ಕೋರ್ಟಿಗೆ ಹೋಗಿ ಹೆಚ್ಚಿಗೆ ಬಂದದ್ದರಲ್ಲಿ ವಕೀಲರ ಪಾಲು ಕಳೆದು ಉಳಿದದ್ದು ಅವ್ವನ ಔಷಧಕ್ಕೆ ಹೋಯಿತು. ಎರೆ ಭೂಮಿ ವರ್ಷ ವರ್ಷ ಬಿಳಿಜೋಳ, ಕಡಲೆ ಕೊಡುತ್ತಿತ್ತು. ದುಡ್ಡು ಒಂದೇ ಸಲ ಫಲ ಕೊಟ್ಟು ಒಣಗಿತು. ಗೋಪಿನಾಥ್ ಮನೆಗೆ ಸಿಕ್ಕದ್ದು ಬರಡಾದರೂ ನೆಲ, ನಮಗೆ ಸಿಕ್ಕದ್ದು ಚೆಕ್ಕು. ಕಾಲೇಜಿನ ಆ ವೇದಿಕೆಯ ಮೇಲೆ ನಿಂತು ಈ ಒಂದು ವ್ಯತ್ಯಾಸ ಹೇಳಬೇಕಿತ್ತು ಅನ್ನಿಸಿತು.

ಕಾಕಾ ಮಾತ್ರ ಡಿಪಾಜಿಟ್ ಇಡಲಿಲ್ಲ. ಮೊದಲು ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್. ಊರೂರೇ ಮನೆ ಕಟ್ಟುತ್ತಿದ್ದ ಕಾಲ, ಬಾಡಿಗೆ ಚೆನ್ನಾಗಿಯೇ ಬಂತು. ಅದನ್ನು ನೋಡಿ ಇಟ್ಟಂಗಿ ಭಟ್ಟಿ ಹಾಕಿದ. ಹಸಿ ಇಟ್ಟಂಗಿ ಒಣಗಲು ಇಟ್ಟಿದ್ದಾಗ ಫೆಬ್ರುವರಿಯಲ್ಲಿ ಮಳೆ ಹೊಡೆಯಿತು. ನಾನು ಮರುದಿನ ಹೋದಾಗ ಸಾಲು ಸಾಲು ಇಟ್ಟಂಗಿ ಕರಗಿ ಮತ್ತೆ ಮಣ್ಣಾಗಿದ್ದವು, ಕಾಕಾ ಧೋತರ ಎತ್ತಿ ಕಟ್ಟಿಕೊಂಡು ಆ ರಾಡಿಯಲ್ಲಿ ನಿಂತು ಕೂಲಿಯವರಿಗೆ ಚಹಾ ಹಂಚುತ್ತಿದ್ದ. ಆಮೇಲೆ ಖಾನಾವಳಿ. ಕಡಕ್ ರೊಟ್ಟಿ, ಎಣ್ಣೆಗಾಯಿ, ಊಟಕ್ಕೆ ಹದಿನೈದು ರೂಪಾಯಿ. ಉದ್ರಿ ಪುಸ್ತಕ ತುಂಬಿತು, ಗಲ್ಲೆ ತುಂಬಲಿಲ್ಲ.

ದೋಣಿಯ ಅರ್ಜಿ

2006ರ ಸುಮಾರಿಗೆ ನಾನು ಆ ಕಡೆಯ ಒಂದು ಶಾಖೆಯಲ್ಲಿ ಸಾಲದ ಟೇಬಲ್ ನೋಡುತ್ತಿದ್ದೆ. ಒಂದು ದಿನ ಕಾಕಾ ಬಂದ. ಮನೆಯಲ್ಲಿ ತಮ್ಮಾ ಅನ್ನುವವ ಅಂದು ಎಲ್ಲರೆದುರು "ನಮಸ್ಕಾರ್ರೀ ಸಾಹೇಬ್ರ" ಅಂದು ಕುರ್ಚಿಯ ತುದಿಗೆ ಕೂತ. ಪ್ಲಾಸ್ಟಿಕ್ ಚೀಲದಿಂದ ಶಾಲೆಯ ನೋಟ್‌ಬುಕ್ಕಿನ ಹಾಳೆ ತೆಗೆದ. ನೀಲಿ ಬಾಲ್‌ಪೆನ್ನಿನಲ್ಲಿ ಒಂದು ದೋಣಿಯ ಚಿತ್ರ, ಹಿಂದೆ ಮೋಟರು, ಹನ್ನೆರಡು ಗೆರೆ, ಅಂದರೆ ಹನ್ನೆರಡು ಸೀಟು. ಪಕ್ಕದಲ್ಲಿ ಲೆಕ್ಕ. ತಲಾ ಇಪ್ಪತ್ತು ರೂಪಾಯಿ, ಐತವಾರ ಆರು ಸುತ್ತು, ಉಳಿದ ದಿನ ಎರಡು. ಆಲಮಟ್ಟಿ ಗಾರ್ಡನ್ ನೋಡಲು ಬರುವ ಜನರನ್ನು ಹಿನ್ನೀರಿನಲ್ಲಿ ಸುತ್ತಾಡಿಸುವುದು.

"ಎಲ್ಲಿ ಬಿಡ್ತಿ ಕಾಕಾ?"

"ನಮ್ಮ ಹೊಲದ ಮ್ಯಾಲನ. ಜನಕ್ಕ ತೋರಸ್ತೀನಿ, ಇಲ್ಲಿ ಬಾವಿ ಇತ್ತು, ಇಲ್ಲಿ ಹನಮಪ್ಪನ ಗುಡಿ, ಇಲ್ಲಿ ನಿಮ್ಮ ಅಜ್ಜನ ಬೇವಿನ ಗಿಡ. ನೀರಿನ ಮ್ಯಾಲ ಹಾರಿದಂಗ ಹೋಗ್ತೈತಿ ಮಷೀನಿನ ದೋಣಿ."

ನಾನು ಕೇಳಬೇಕಾದ್ದನ್ನೆಲ್ಲ ಕೇಳಿದೆ. ನೀರಾವರಿ ಇಲಾಖೆಯ ಪರವಾನಗಿ? ವಿಮೆ? ಜಾಮೀನು ಯಾರು? ಬೇಸಿಗೆಯಲ್ಲಿ ನೀರು ಹಿಂದೆ ಸರಿದು ಹಳೆಯ ಬದುಗಳು, ಬಾವಿಯ ಕಟ್ಟೆ ಎದ್ದು ಕಾಣುತ್ತವಲ್ಲ, ಆ ನಾಲ್ಕು ತಿಂಗಳು ಕಂತು ಎಲ್ಲಿಂದ? ಅಡವು ಇಡಲು ಹೊಲದ ಉತಾರಿ, ಅಂದರೆ ಪಹಣಿ, ಬೇಕು. ಕಾಕಾ ನಕ್ಕ. "ಉತಾರಿ ನೀರಾಗ ಐತಿ." ಪ್ರಶ್ನೆ ಒಂದೂ ತಪ್ಪಿರಲಿಲ್ಲ. ಇವತ್ತು ಅದೇ ಅರ್ಜಿ ಬಂದರೂ ಅವನ್ನೇ ಕೇಳುತ್ತೇನೆ. ಆದರೆ ಉತ್ತರ ತರಲು ಅವನಿಗೆ ದಾರಿ ಹೇಳಿಕೊಡಬಹುದಿತ್ತು. ಯಾವ ಆಫೀಸಿಗೆ ಹೋಗು, ಯಾವ ಫಾರ್ಮ್ ತುಂಬು ಅಂತ. ಹೇಳಲಿಲ್ಲ. ಮನೆಯವರ ಫೈಲು, ನಾಳೆ ಬಾಕಿಯಾದರೆ ನನ್ನ ಹೆಸರು ಬರುತ್ತದೆ ಅನ್ನುವ ಭಯ ಒಂದು. ಈ ಹುಚ್ಚು ಇಲ್ಲಿಗಾದರೂ ನಿಲ್ಲಲಿ ಅಂತ ಅಪ್ಪ ಹಿಂದಿನ ರಾತ್ರಿ ಫೋನಿನಲ್ಲಿ ಹೇಳಿದ್ದು ಇನ್ನೊಂದು. ಮರುಪಾವತಿ ಸಾಮರ್ಥ್ಯ ಸಾಲದು ಅಂತ ಷರಾ ಬರೆದೆ.

ನಿರಾಕರಣೆಯ ಪತ್ರ ಟಪಾಲಿನಲ್ಲಿ ಹೋಯಿತು. ಇಂಗ್ಲಿಷಿನಲ್ಲಿತ್ತು. ಎರಡು ದಿನ ಬಿಟ್ಟು ಸಂಜೆ ಕಾಕಾ ಆ ಲಕೋಟೆ ಹಿಡಿದು ನನ್ನ ಮನೆಗೇ ಬಂದ. ಒಡೆದಿರಲಿಲ್ಲ, ಗಂಧದ ಬೊಟ್ಟು ಇಟ್ಟಿದ್ದ. "ಏನ್ ಬರದಾರ ಓದಿ ಹೇಳು ತಮ್ಮಾ." ಕೆಳಗೆ ಇದ್ದದ್ದು ನನ್ನದೇ ಸಹಿ. ಓದಿದೆ. ಓದುತ್ತಾ ಕನ್ನಡಕ್ಕೆ ತಿರುಗಿಸುವಾಗ ಒಂದೆರಡು ಶಬ್ದ ಮೆತ್ತಗೆ ಮಾಡಿದೆ ಅಂತಲೂ ನೆನಪು. ಕಾಕಾ ಕೇಳಿಸಿಕೊಂಡು, ಹಾಳೆಯನ್ನು ಮಡಿಕೆಯ ಗುಂಟ ಹಾಗೇ ಮಡಚಿ ಕಿಸೆಗೆ ಇಟ್ಟುಕೊಂಡ. ನನ್ನ ಹೆಂಡತಿ ಕೊಟ್ಟ ಚಹಾ ಬಸಿಗೆ ಹಾಕಿಕೊಂಡು ಕುಡಿದ. "ಇರಲಿ ಬಿಡು. ನೀ ಏನ್ ಮಾಡ್ತಿ, ರೂಲ್ಸ್ ಇರ್ತಾವ" ಅಂದ. ಸಹಿ ಯಾರದ್ದು ಅಂತ ಅವನಿಗೆ ಗೊತ್ತಿತ್ತೋ ಇಲ್ಲವೋ, ಹದಿನೆಂಟು ಇಪ್ಪತ್ತು ವರ್ಷವಾದರೂ ನಾನು ಕೇಳಿಲ್ಲ.

ಟವೆಲ್ ಹಾಕಿದ ಸೀಟು

ಅದಕ್ಕೂ ಒಂದು ವರ್ಷ ಮೊದಲು ಅಪ್ಪನನ್ನು ವಿಮಾನದಲ್ಲಿ ಕರೆದುಕೊಂಡು ಹೋಗಿದ್ದೆ. ತಮ್ಮನ ಮನೆ ಗೃಹಪ್ರವೇಶ ಬೆಂಗಳೂರಿನಲ್ಲಿ. ಏರ್ ಡೆಕ್ಕನ್ ಹುಬ್ಬಳ್ಳಿಯಿಂದ ಹಾರುತ್ತಿತ್ತು, ಟಿಕೆಟ್ ನವನಗರದ ಇಂಟರ್‌ನೆಟ್ ಸೆಂಟರಿನಲ್ಲಿ ತೆಗೆದೆ. ಆ ಹುಡುಗನಿಗೂ ಅದು ಮೊದಲ ವಿಮಾನದ ಟಿಕೆಟ್, ಪ್ರಿಂಟಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಅಪ್ಪ ಧೋತರ, ಕೋಟು, ಟೋಪಿ. ಕೈಚೀಲದಲ್ಲಿ ರೊಟ್ಟಿ, ಶೇಂಗಾ ಹಿಂಡಿ. ವಿಮಾನ ಪಂಖದ್ದು, ನಲವತ್ತೆಂಟು ಸೀಟಿನ ಎಟಿಆರ್. ಸೀಟಿಗೆ ನಂಬರ್ ಇರಲಿಲ್ಲ, ಸಿಕ್ಕಲ್ಲಿ ಕೂರಬೇಕು. ಇದನ್ನು ಹೇಳಿದ್ದೇ ತಡ, ಎಪ್ಪತ್ತು ದಾಟಿದ ನಮ್ಮಪ್ಪ ನನಗಿಂತ ಮುಂದೆ ಮೆಟ್ಟಿಲು ಹತ್ತಿ, ಕಿಟಕಿಯ ಸೀಟಿಗೆ ಹೆಗಲ ಮೇಲಿನ ಟವೆಲ್ ಹಾಕಿ, ಪಕ್ಕದ್ದಕ್ಕೆ ಕೈಚೀಲ ಇಟ್ಟು, "ಬಾ ಬಾ, ಹಿಡದೀನಿ" ಅಂತ ಕೂಗಿದ. ಗಗನಸಖಿ ನಕ್ಕಳು. ಹಿಂದೆ ಬಂದ ಇನ್ನೊಬ್ಬರೂ ಟವೆಲ್ ಹಾಕಿದರು.

ಮೇಲೇರಿದ ಮೇಲೆ ಅಪ್ಪ ಗಾಜಿಗೆ ಹಣೆ ಹಚ್ಚಿ ಕೆಳಗೇ ನೋಡುತ್ತಿದ್ದ. ಎಲ್ಲೋ ಒಂದು ಕೆರೆ ಹೊಳೆಯಿತು. "ಹೊಳಿ ಏನು? ನಮ್ಮ ಹೊಲ ಕಾಣ್ತೈತೇನು?" ಅಂದ. ನಾವು ಹೊರಟದ್ದು ದಕ್ಷಿಣಕ್ಕೆ, ಕೃಷ್ಣೆ ಉಳಿದದ್ದು ಬೆನ್ನ ಹಿಂದೆ. ಇಲ್ಲ ಅಪ್ಪಾ, ಆ ಕಡೆ ಅಂದೆ. ಆ ಕಡೆ ಅಂದರೆ ಯಾವ ಕಡೆ ಅಂತ ಬೆಂಗಳೂರು ಬರುವವರೆಗೂ ಬೆರಳು ತಿರುಗಿಸಿ ದಿಕ್ಕು ಹಚ್ಚುತ್ತಲೇ ಇದ್ದ.

ಬ್ಯಾಂಕಿನವನ ಕಣ್ಣಿನಿಂದ ಆ ಕಂಪನಿಯನ್ನು ಆಗಲೂ ನೋಡಿದ್ದೆ. 2003ರ ಆಗಸ್ಟಿನಲ್ಲಿ ಶುರು. ಮರುತಿಂಗಳೇ ಹೈದರಾಬಾದಿನಿಂದ ವಿಜಯವಾಡಕ್ಕೆ ಉದ್ಘಾಟನೆಯ ಹಾರಾಟದಲ್ಲಿ, ಕೇಂದ್ರ ಸಚಿವರು ಒಳಗಿರುವಾಗಲೇ ಎಂಜಿನ್ನಿಗೆ ಬೆಂಕಿ. ಅಲ್ಲಿಗೆ ಮುಗಿಯಬೇಕಿದ್ದದ್ದು ಮುಗಿಯಲಿಲ್ಲ. ಊಟ ತೆಗೆದರು, ಟಿಕೆಟನ್ನು ಕಂಪ್ಯೂಟರಿನಲ್ಲಿ ಮಾರಿ ಏಜೆಂಟರ ಕಮಿಷನ್ ಉಳಿಸಿದರು, ಇಳಿದ ವಿಮಾನವನ್ನು ನಿಲ್ಲಿಸದೆ ಮತ್ತೆ ಎಬ್ಬಿಸಿದರು. ಒಂದು ರೂಪಾಯಿ ಟಿಕೆಟ್ ಅಂತ ಊರೆಲ್ಲ ಮಾತಾಯಿತಲ್ಲ, ಅದು ಕೆಲವೇ ಸೀಟಿಗೆ, ಮೊದಲು ತೆಗೆದವರಿಗೆ. ತಡವಾದಂತೆ ದರ ಏರುತ್ತದೆ, ಖಾಲಿ ಹೋಗುವ ಸೀಟಿಗಿಂತ ರೂಪಾಯಿಯ ಸೀಟು ಮೇಲು. ಲಾಂಛನ ಆರ್.ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯ. ನಾಲ್ಕೇ ವರ್ಷದಲ್ಲಿ 40ಕ್ಕೂ ಹೆಚ್ಚು ವಿಮಾನ, 60ಕ್ಕೂ ಹೆಚ್ಚು ಊರು. ಜೊತೆಗೇ ನಷ್ಟ. 2006ರಲ್ಲಿ ಷೇರು ಮಾರಲು ಹೋದಾಗ ಪೇಟೆಯೇ ಕುಸಿಯಿತು, ದರ ಇಳಿಸಿ, ದಿನ ಮುಂದೂಡಿ ಹೇಗೋ ದಡ ಸೇರಿದರು. 2007ರಲ್ಲಿ ವಿಜಯ್ ಮಲ್ಯರ ಕೈಗೆ ಹೋಯಿತು. ಹೆಸರು ಕಿಂಗ್‌ಫಿಷರ್ ರೆಡ್ ಆಯಿತು, 2012ರ ಹೊತ್ತಿಗೆ ಎಲ್ಲ ನೆಲಕ್ಕೆ ಕೂತಿತು. ಶ್ರೀಸಾಮಾನ್ಯನಿಗೂ ಮಲ್ಯರಿಗೂ ಕೂಡಿಬರುತ್ತದೆ ಅಂತ ಯಾರು ಅಂದುಕೊಂಡರೋ. ಸಂಬಳ ಸಿಗದೆ ಬೀದಿಗೆ ಬಂದ ನೌಕರರ ಲೆಕ್ಕವನ್ನು ಸಾಹಸದ ಕಥೆ ಹೇಳುವವರು ಹೇಳುವುದಿಲ್ಲ. ಆ ಕಂಪನಿಯ ಸಾಲದ ಅರ್ಜಿ ನನ್ನ ಟೇಬಲ್ಲಿಗೆ ಬಂದಿದ್ದರೆ? ಷರಾ ಬೇರೆಯಾಗುತ್ತಿರಲಿಲ್ಲ. ಹಾಗೆ ಬರೆದಿದ್ದರೆ ನಮ್ಮಪ್ಪ ಸೀಟಿಗೆ ಟವೆಲ್ ಹಾಕುತ್ತಲೂ ಇರಲಿಲ್ಲ.

ನಮ್ಮ ಸೀಮೆಗೆ ಈ ಹುಚ್ಚು ಹೊಸದೇನಲ್ಲ, ನಡುವೆ ಹೇಳಿಬಿಡುತ್ತೇನೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಅಣ್ಣನ ಜೊತೆ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು. ಅಮೆರಿಕದಲ್ಲಿ ರೈಟ್ ಸಹೋದರರು ಸೈಕಲ್ ರಿಪೇರಿಗೆ ಕೂತದ್ದು ಅದಾಗಿ ನಾಲ್ಕು ವರ್ಷಕ್ಕೆ. ಅಲ್ಲಿ ವಿಮಾನ ಹುಟ್ಟಿತು, ಇಲ್ಲಿ ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಭೂಮಿ ವಿಷವಾಗುತ್ತದೆ ಅಂತ ರೈತರು ಮುಟ್ಟಲಿಲ್ಲ, ಮೊದಲ ನೇಗಿಲು ಮಾರಲು ಎರಡು ವರ್ಷ ಹಿಡಿಯಿತಂತೆ. ಕೊನೆಗೆ ಬೆಳಗಾವಿಯಲ್ಲಿ ಜಾಗವೂ ಉಳಿಯದೆ ಔಂಧ್ ಸಂಸ್ಥಾನಕ್ಕೆ ಹೋಗಿ 1910ರಲ್ಲಿ ಕಿರ್ಲೋಸ್ಕರ್‌ವಾಡಿ ಕಟ್ಟಿದರು. ಅಲ್ಲಿಯ ರಾಜ ನೆಲ ಕೊಟ್ಟ, ಸಾಲವನ್ನೂ ಕೊಟ್ಟ. ಬೆಳಗಾವಿಯಲ್ಲಿ ಒಂದು ರಸ್ತೆಗೆ ಅವರ ಹೆಸರಿದೆ. ಸಂಜೆ ಅಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ.

ಬುರಣಾಪುರದ ಬೇಲಿ

ಕಾಲೇಜಿನಿಂದ ಬಂದ ಮರುವಾರ ಕಾಕಾ ವಿಜಯಪುರಕ್ಕೆ ಬಂದಿದ್ದ, ಕಣ್ಣಿನ ಆಸ್ಪತ್ರೆಗೆ. ಈಗ ಎಪ್ಪತ್ತೈದರ ಹತ್ತಿರ. ಒಂದು ಕಣ್ಣಿನ ಪೊರೆ ತೆಗೆದು ಹಸಿರು ಪಟ್ಟಿ ಕಟ್ಟಿದ್ದರು. "ಬುರಣಾಪುರದಾಗ ವಿಮಾನ ನಿಲ್ದಾಣ ಮಾಡ್ಯಾರಂತಲ್ಲ, ತೋರಸು" ಅಂದ. ಡಾಕ್ಟರು ಧೂಳಿಗೆ ಹೋಗಬೇಡಿ ಅಂದಿದ್ದಾರೆ ಅಂದೆ, ಕೇಳಲಿಲ್ಲ. ಸ್ಕೂಟರ್ ಹಿಂದೆ ಕೂರಿಸಿಕೊಂಡು ಹೋದೆ. ಅಲ್ಲಿ ಹಾರಾಟ ಇನ್ನೂ ಶುರುವಾಗಬೇಕು. ಬೇಲಿಯಾಚೆ ಕಟ್ಟಡ, ಉದ್ದಕ್ಕೆ ಕಪ್ಪಗೆ ರನ್‌ವೇ, ಬಿಸಿಲಿಗೆ ಅದರ ತುದಿ ನೀರಿನ ಹಾಗೆ ಅಲುಗುತ್ತಿತ್ತು. ಬೇಲಿಯ ಈಚೆ ಒಬ್ಬಳು ಕುರಿ ಮೇಯಿಸುತ್ತಿದ್ದಳು.

ಗೋಪಿನಾಥ್ ಕಥೆ ಹೇಳಿದೆ. ಈ ಊರಲ್ಲೇ ಓದಿದವರು, ಅವರ ಹೊಲವೂ ನೀರಿಗೆ ಹೋಗಿತ್ತು, ಅಪ್ಪ ಟವೆಲ್ ಹಾಕಿದ ವಿಮಾನ ಅವರದ್ದೇ ಅಂತ. ಕಾಕಾ ಒಂದೇ ಕಣ್ಣಿನಿಂದ ರನ್‌ವೇ ನೋಡುತ್ತಾ ಕೇಳಿಸಿಕೊಂಡ. "ಹೋಟೆಲ್ಲೂ ಇಟ್ಟಿದ್ದರಂತ?" ಅಂದ. ಹೌದು ಅಂದೆ. "ಉದ್ರಿ ಕೊಟ್ಟಿರಾಕಿಲ್ಲ ಅವರು."

ಆಮೇಲೆ ಬೇಲಿ ಹಿಡಿದು ಗೇಟಿನವರೆಗೆ ನಡೆದ. ಗೇಟಿನಿಂದ ರಸ್ತೆಗೆ ಎಷ್ಟು ಹೆಜ್ಜೆ ಅಂತ ಎಣಿಸಿದ. ಟ್ಯಾಕ್ಸಿಯವರು ಎಲ್ಲಿ ನಿಲ್ಲುತ್ತಾರೆ, ಬಿಡಲು ಬಂದವರು ಎಲ್ಲಿ ಕಾಯುತ್ತಾರೆ, ಒಳಗೆ ಚಹಾಕ್ಕೆ ಎಷ್ಟು ಇರುತ್ತದೆ ಅಂತ ಕೇಳಿದ. ನೂರು, ನೂರಾ ಐವತ್ತು ಇರಬಹುದು ಅಂದೆ. ಕಾಕಾ ನಿಂತ. ಪಟ್ಟಿ ಕಟ್ಟದ ಕಣ್ಣು ನನ್ನ ಕಡೆ ತಿರುಗಿತು.

"ಇಲ್ಲೇ ಹೊರಗ, ಈ ಬೇವಿನ ಗಿಡದ ಕೆಳಗ ಒಂದು ತಗಡಿನ ಶೆಡ್ ಹಾಕಿದರ? ಹತ್ತು ರೂಪಾಯಿಗೆ ಚಾ, ಕಡಕ್ ರೊಟ್ಟಿ ಕಟ್ಟಿ ಕೊಡೂದು. ಹೆಂಗಿದ್ರೂ ವಿಮಾನದಾಗ ಊಟ ಕೊಡಾಂಗಿಲ್ಲ ಅಂತಿ."

"ವಿಮಾನ ಇನ್ನೂ ಬಂದಿಲ್ಲ ಕಾಕಾ."

"ಬಂದ ಮ್ಯಾಲ ಜಾಗ ಯಾರ್ ಕೊಡ್ತಾರ? ಅದಿರಲಿ, ಈಗ ನೀ ರಿಟೈರ್ ಆಗೀಯಲ್ಲ. ಜಾಮೀನು ಹಾಕಾಕ ಬರತೈತೇನು?"

ಬಿಸಿಲು ಏರುತ್ತಿತ್ತು. ಕಣ್ಣಿಗೆ ಡ್ರಾಪ್ಸ್ ಹಾಕುವ ಹೊತ್ತಾಯಿತು ಅಂದೆ. ಕಾಕಾ ಹಿಂದೆ ಹತ್ತಿ ನನ್ನ ಹೆಗಲು ಹಿಡಿದುಕೊಂಡ. ಗೋಳಗುಮ್ಮಟ ಕಾಣುವವರೆಗೂ ತಗಡು ಎಷ್ಟು ಹಾಳೆ ಬೇಕಾಗುತ್ತದೆ, ಕಂಬಕ್ಕೆ ಏನು ಮಾಡುವುದು ಅಂತ ಕಿವಿಯಲ್ಲಿ ಲೆಕ್ಕ ಹೇಳುತ್ತಿದ್ದ. ಕಂಬ ನಮ್ಮ ಹಿತ್ತಲಲ್ಲಿ ಇವೆ ಅಂದೆ, ಎರಡು ಗಟ್ಟಿ ಉಳಿದಿವೆ.